ಗ್ರೆನೋಬಲ್‌ನಲ್ಲಿ ಒಂದು ಚಿಟಿಕೆ ತವರ

ವಡಾಲ

ನನ್ನ ಪಾಸ್‌ಪೋರ್ಟಿನ ಮೇಲೆ ಮೊದಲ ಠಸ್ಸೆ ಬಿದ್ದಾಗ ನನಗೆ ಐವತ್ತೇಳು ವರ್ಷ. ಅಲ್ಲಿಯತನಕ ನಾನು ಮಾಡಿದ ದೊಡ್ಡ ಪ್ರಯಾಣವೆಂದರೆ ವಡಾಲದಿಂದ ವಿಜಯಪುರ, ಅದೂ ಯಾರದೋ ಮದುವೆಗೆ ಇಲ್ಲವೇ ಮಣ್ಣಿಗೆ. ಹೀಗಾಗಿ ಫ್ರಾನ್ಸಿಗೆ ಹೊರಟಿದ್ದೇನೆ ಎಂದಾಗ ಬಿಲ್ಡಿಂಗಿನವರೆಲ್ಲ ಮಗ ಅಲ್ಲಿದ್ದಾನೇನು ಎಂದು ಕೇಳಿದರು. ಮಗ ಕುರ್ಲಾದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ನಾನೇ ಕೆಲಸದ ಮೇಲೆ ಹೋಗುತ್ತಿದ್ದೇನೆ ಎಂದರೆ ಯಾರೂ ನಂಬಲಿಲ್ಲ. ನನ್ನ ಹೆಂಡತಿ ಮೆಹರುನ್ನಿಸಾ ಕೂಡ ಟಿಕೆಟ್ ಕೈಗೆ ಬರುವವರೆಗೆ ಪೂರ್ತಿ ನಂಬಿರಲಿಲ್ಲವೆಂದು ನನ್ನ ಗುಮಾನಿ.

ನಾನು ಖಾಸೀಂ. ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಟರ್ನರ್. ಅಪ್ಪ ವಿಜಯಪುರದಿಂದ ಬಂದು ಪರೇಲಿನ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ನಾನು ಅಲ್ಲೇ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿ ಲೇತ್ ಹಿಡಿದೆ. ನಮ್ಮ ವರ್ಕ್‌ಶಾಪಿಗೊಂದು ಕಿಟಕಿ ಇದೆ. ವಿಜ್ಞಾನಿಗಳು ಆ ಕಿಟಕಿಯಲ್ಲಿ ಡ್ರಾಯಿಂಗ್ ಕೊಟ್ಟು, ವಾರದ ಮೇಲೆ ಅದೇ ಕಿಟಕಿಯಲ್ಲಿ ಸಾಮಾನು ತೆಗೆದುಕೊಂಡು ಹೋಗುತ್ತಾರೆ. ಒಳಗೆ ಬರಬಾರದೆಂದು ಯಾರೂ ಬೋರ್ಡ್ ಹಾಕಿಲ್ಲ. ನೆಲದ ಮೇಲೆ ಎಣ್ಣೆ, ಕೈಗೆ ಮಸಿ. ಯಾರು ಬರುತ್ತಾರೆ ಹೇಳಿ?

ಆ ಕಿಟಕಿಗೆ ಎಲ್ಲರಿಗಿಂತ ಹೆಚ್ಚು ಸಲ ಬಂದವಳು ಅಕ್ಷತಾ. ವಿಲೆ ಪಾರ್ಲೆಯ ಹುಡುಗಿ, ಮನೆಯಲ್ಲಿ ತುಳು, ಹೊರಗೆ ಹಿಂದಿ, ನನ್ನ ಜೊತೆ ಮಾತ್ರ ತಡವರಿಸುತ್ತ ಕನ್ನಡ. ಪಿಎಚ್.ಡಿ.ಗಾಗಿ ಅವಳು ಮೂರು ವರ್ಷ ಕುಲುಮೆಯ ಮುಂದೆ ಕುಳಿತು ಸೀರಿಯಂ ಬೆರೆತ ಒಂದು ಲೋಹದ ಹರಳು ಬೆಳೆಸಿದ್ದಳು. ಅಕ್ಕಿ ನುಚ್ಚಿಗಿಂತ ಚಿಕ್ಕದು. ಅದನ್ನು ವಿಪರೀತ ಒತ್ತಡದಲ್ಲಿ ಹಿಸುಕಿ, ವಿಪರೀತ ತಣ್ಣಗೆ ಮಾಡಿದರೆ, ಅದರಲ್ಲಿ ಕರೆಂಟು ಒಂದಿಷ್ಟೂ ತಡೆಯಿಲ್ಲದೆ ಹರಿಯುತ್ತದೆ ಎಂಬುದು ಅವಳ ನಂಬಿಕೆ. ಹಿಸುಕುವ ಪಾತ್ರೆ ಮಾಡಿದವನು ನಾನು. ಪ್ರೆಶರ್ ಸೆಲ್ ಎನ್ನುತ್ತಾರೆ. ಸಣ್ಣ ಟಾರ್ಚಿನಷ್ಟು ಉದ್ದದ ಬೆರಿಲಿಯಂ ತಾಮ್ರದ ಕೊಳವೆ, ನಡುವೆ ಕೂದಲೆಳೆಯಷ್ಟೂ ಲೆಕ್ಕ ತಪ್ಪದ ತೂತು. ಒಳಗಿನ ಒತ್ತಡ ಸಮುದ್ರದ ಅತಿ ಆಳದಲ್ಲಿ ಇರುವುದರ ಇಪ್ಪತ್ತು ಪಟ್ಟು.

ನಮ್ಮಲ್ಲಿ ಆಗ ಅಷ್ಟು ತಣ್ಣಗೆ ಮಾಡುವ ಯಂತ್ರ ಕೆಟ್ಟು ಕುಳಿತಿತ್ತು. ಗ್ರೆನೋಬಲ್ ಎಂಬ ಊರಿನ ಪ್ರಯೋಗಾಲಯದವರು ಒಂದು ವಾರ ತಮ್ಮ ಯಂತ್ರ ಕೊಟ್ಟರು: ಸೋಮವಾರದಿಂದ ಶನಿವಾರ ಮಧ್ಯಾಹ್ನದವರೆಗೆ. ಅಕ್ಷತಾಳ ಫೆಲೋಶಿಪ್ ಮುಗಿಯಲು ನಾಲ್ಕು ತಿಂಗಳಿತ್ತು. ಈ ವಾರ ಏನೂ ಸಿಗದಿದ್ದರೆ ಮೂರು ವರ್ಷದ ಹರಳು ಬರೀ ಹರಳು. ಸೆಲ್ ಕಟ್ಟಲು ಖಾಸೀಂನ ಕೈಯೇ ಬೇಕೆಂದು ಅವಳು ಹಟ ಹಿಡಿದಳು, ಅವಳ ಗೈಡ್ ಪ್ರೊಫೆಸರ್ ಸಾಹೇಬರು ಒಪ್ಪಿದರು. ಹೊರಡುವ ಮುನ್ನ ವರ್ಕ್‌ಶಾಪಿನ ಗೋಡೆಯ ಮೇಲಿನ ನನ್ನದೇ ಅಕ್ಷರದ ಚೀಟಿಯನ್ನು ಇನ್ನೊಮ್ಮೆ ಓದಿಕೊಂಡೆ: ಸೆಲ್ಲಿನೊಳಗೆ ಸೀಸ ಹೋಗಕೂಡದು. ಸೀಸಕ್ಕೆ ತಣ್ಣಗಾದಾಗ ತಾನೇ ತಡೆ ಕಳೆದುಕೊಳ್ಳುವ ಗುಣವಿದೆ. ಹರಳಿನ ಸಾಕ್ಷಿ ಕೇಳಲು ಹೋದರೆ ಸೀಸ ಸುಳ್ಳು ಸಾಕ್ಷಿ ಹೇಳುತ್ತದೆ.

ವಿಮಾನ ಬದಲಿಸಿದ ಊರು

ವಿಮಾನದಲ್ಲಿ ಅಕ್ಷತಾ ನನಗೆ ಹರಳಿನ ವಿಷಯ ಬಿಡಿಸಿ ಹೇಳಿದಳು. ಅದರೊಳಗಿನ ಎಲೆಕ್ಟ್ರಾನು ಮಾಮೂಲಿ ಎಲೆಕ್ಟ್ರಾನಿಗಿಂತ ನೂರಾರು ಪಟ್ಟು ಭಾರವಾದಂತೆ ನಡೆಯುತ್ತದಂತೆ.

“ಭಾರ ಎಲ್ಲಿಂದ ಬರ್ತೈತಿ? ಎಲೆಕ್ಟ್ರಾನ್ ಅಂದ್ರ ಎಲೆಕ್ಟ್ರಾನ್ ಹೌದಲ್ಲೋ?” ಎಂದೆ.

“ಅದೇ ಚಾಚಾ. ಅದು ಭಾರ ಇಲ್ಲ. ಸೀರಿಯಂ ಆಟಮ್ ಉಂಟಲ್ಲ, ಒಂದೊಂದೂ ಚಿಕ್ಕ ಮ್ಯಾಗ್ನೆಟ್. ಎಲೆಕ್ಟ್ರಾನ್ ಹೋಗ್ವಾಗ ಪ್ರತಿಯೊಂದ್ರ ಹತ್ರ ಅಟಕ್ ಜಾತಾ ಹೈ.”

ನನಗೆ ಥಟ್ಟನೆ ನಮ್ಮ ದೊಡ್ಡಪ್ಪ ನೆನಪಾದರು. ಮದುವೆ ಮನೆಯಲ್ಲಿ ಅವರು ಊಟದ ಜಾಗದಿಂದ ಬಾಗಿಲಿಗೆ ಬರಲು ಅರ್ಧ ಗಂಟೆ ಬೇಕು. ಹೆಜ್ಜೆಗೊಬ್ಬರು ಪರಿಚಯದವರು, ಪ್ರತಿಯೊಬ್ಬರಿಗೂ ಸಲಾಂ, ಪ್ರತಿಯೊಬ್ಬರ ಮೊಮ್ಮಕ್ಕಳ ವಿಚಾರ. ಅವರ ತೂಕ ಹೆಚ್ಚಿದ್ದಲ್ಲ, ಪರಿಚಯ ಹೆಚ್ಚಿದ್ದು. ಹೀಗೆಂದಾಗ ಅಕ್ಷತಾ ಸೀಟಿನಲ್ಲೇ ನೆಟ್ಟಗೆ ಕುಳಿತು, “ಚಾಚಾ, ಇದನ್ನ ನಾನು ಥೀಸಿಸ್‌ನಲ್ಲಿ ಹಾಕ್ತೇನೆ,” ಎಂದಳು. ಅವಳು ಹೇಳಿದ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಮಾಮೂಲಿ ಲೋಹದಲ್ಲಿ ಎಲೆಕ್ಟ್ರಾನುಗಳು ಜೋಡಿಯಾದಾಗ ತಡೆ ಮಾಯವಾಗುತ್ತದೆ, ಆ ಜೋಡಿಯನ್ನು ಒಡೆಯುವುದು ಇಂಥ ಮ್ಯಾಗ್ನೆಟ್ಟಿನ ಗಲಾಟೆ. ಈ ಹರಳಿನಲ್ಲಿ ಮಾತ್ರ, ಒತ್ತಡ ಹಾಕುತ್ತ ಹೋದರೆ, ಆ ಗಲಾಟೆಯೇ ಜೋಡಿ ಕಟ್ಟಬಹುದೆಂದು ಅವಳ ಅಂದಾಜು.

ವಿಮಾನ ಬದಲಿಸುವಲ್ಲಿ ತಪಾಸಣೆಯವರು ನಮ್ಮ ಸೆಲ್ ಹಿಡಿದುಕೊಂಡರು. ಪರದೆಯ ಮೇಲೆ ಅದು ಥೇಟ್ ತೋಪಿನ ಗುಂಡು. ಸಂಸ್ಥೆಯ ಪತ್ರ ತೋರಿಸಿದೆವು. ಬಿಚ್ಚಿ ತೋರಿಸಿ ಎಂದರು. ಆಗ ನನ್ನ ಬೆಲ್ಟು ಅವರ ಟ್ರೇಯಲ್ಲಿತ್ತು. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸೆಲ್ ಬಿಚ್ಚುವ ಕಸರತ್ತು ನಾನು ಯಾವ ಉಸ್ತಾದರ ಹತ್ತಿರವೂ ಕಲಿತಿರಲಿಲ್ಲ. ಒಳಗಿನ ಮುಚ್ಚಳ ಒಮ್ಮೆ ತಿರುಚಿಕೊಂಡಿತು. ಮಾನ ಉಳಿಯಿತು, ತಡೆ ಅಳೆಯಲು ಹರಳಿಗೆ ಅಂಟಿಸಿದ್ದ ನಾಲ್ಕು ತಂತಿಗಳಲ್ಲಿ ಒಂದು ಕಿತ್ತುಬಂತು. ಅಂಟಿಸುವ ಬೆಳ್ಳಿ ಪೇಸ್ಟಿನ ಬಾಟಲಿಯನ್ನೂ ಬೆಂಕಿ ಹತ್ತುವ ಪದಾರ್ಥವೆಂದು ತೆಗೆದಿಟ್ಟುಕೊಂಡರು. ಮೆಹರುನ್ನಿಸಾ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಮೂಸಿ ನೋಡಿ, ಸೀನಿ, ಗೌರವದಿಂದ ವಾಪಸು ಕೊಟ್ಟರು.

ಗ್ರೆನೋಬಲ್, ಭಾನುವಾರ

ಆ ಊರಿನಲ್ಲಿ ಯಾವ ಬೀದಿ ಹಿಡಿದು ನೋಡಿದರೂ ಕೊನೆಯಲ್ಲಿ ಒಂದು ಬೆಟ್ಟ ನಿಂತಿರುತ್ತದೆ, ತಲೆಯ ಮೇಲೆ ಹಿಮ. ನಮ್ಮ ವಡಾಲದಲ್ಲಿ ಯಾವ ಬೀದಿಯ ಕೊನೆಗೂ ಅರ್ಧ ಕಟ್ಟಿದ ಟವರು ಮತ್ತು ಕ್ರೇನು. ಬೆಟ್ಟ ನೋಡುತ್ತ ಬೇಕರಿಗೆ ಹೋಗಿ, ಕೌಂಟರಿನ ಹೆಂಗಸಿಗೆ ಬೆರಳು ತೋರಿಸಿ “ಒನ್ ಬ್ರೆಡ್” ಎಂದೆ. ಅವಳಿಗೆ ನಾನು ಕಾಣಿಸಲೇ ಇಲ್ಲ. ಎರಡನೆಯ ಸಲವೂ ಅಷ್ಟೇ. ಹಿಂದಿನಿಂದ ಅಕ್ಷತಾ “ಬೋಂಜೂರ್” ಎಂದಳು. ಆ ಹೆಂಗಸಿನ ಮುಖ ಅರಳಿ, ಬೋಂಜೂರ್ ವಾಪಸು ಬಂದು, ಅದರ ಹಿಂದೆಯೇ ಬ್ರೆಡ್ಡು ಬಂತು. ಇಲ್ಲಿ ಮೊದಲು ನಮಸ್ಕಾರ, ಆಮೇಲೆ ವ್ಯವಹಾರ. ದಾದರಿನ ವಡಾಪಾವ್ ಗಾಡಿಯವನಿಗೆ ಮೊದಲು ನಮಸ್ಕಾರ ಹೇಳಿ ನೋಡಿ, ಇವನು ಉದ್ರಿ ಕೇಳಲು ಬಂದಿದ್ದಾನೆಂದು ಗಾಬರಿಯಾಗುತ್ತಾನೆ.

ಸೋಮವಾರ

ಬೆಳಿಗ್ಗೆ ಪ್ರಯೋಗಾಲಯದಲ್ಲಿ ಇನ್ನೊಂದು ರಿವಾಜು ನೋಡಿದೆ. ಬಂದವರೆಲ್ಲ ಮೊದಲು ಕೋಣೆ ಕೋಣೆ ಸುತ್ತಿ ಪ್ರತಿಯೊಬ್ಬರ ಕೈ ಕುಲುಕುತ್ತಾರೆ. ದೊಡ್ಡ ವಿಜ್ಞಾನಿ, ಗುಮಾಸ್ತ, ನೆಲ ಒರೆಸುವವರು, ಎಲ್ಲರದೂ. ನಮ್ಮನ್ನು ಕರೆಸಿಕೊಂಡಿದ್ದ ವಿಜ್ಞಾನಿ ಕ್ಲೇರ್ ಎಂಬ ಎತ್ತರದ ಹೆಂಗಸು. ಅವರು ನನ್ನನ್ನು ವರ್ಕ್‌ಶಾಪಿಗೆ ಕರೆದೊಯ್ದರು. ಕಿಟಕಿಯಲ್ಲಿ ಅಲ್ಲ, ಬಾಗಿಲಿನಿಂದ, ನೇರ ಒಳಗೆ. ಅಲ್ಲಿಯ ಟರ್ನರ್ ಝೆರಾರ್, ನನ್ನದೇ ವಯಸ್ಸು, ನನ್ನಂಥದೇ ಹೊಟ್ಟೆ. ಅವನ ಕೈ ಎಣ್ಣೆಯಲ್ಲಿ ಮುಳುಗಿತ್ತು. ಕ್ಲೇರ್ ಕೈ ಚಾಚಿದಾಗ ಅವನು ಬೆರಳು ಮಡಚಿ ಮಣಿಕಟ್ಟು ಮುಂದೆ ಮಾಡಿದ. ಅವರು ಅದನ್ನೇ ಹಿಡಿದು ಕುಲುಕಿದರು. ಆಮೇಲೆ ನನಗೂ ಮಣಿಕಟ್ಟು ಬಂತು. ನಾನು ನಿಂತಲ್ಲೇ ನಿಂತೆ. ಪರೇಲಿನ ಗಿರಣಿಯಲ್ಲಿ ಅಪ್ಪ ಮತ್ತು ಅವರ ಜೋಡಿ ಫಿಟ್ಟರುಗಳು ಒಬ್ಬರಿಗೊಬ್ಬರು ಹೀಗೇ ಮಣಿಕಟ್ಟು ಕೊಡುತ್ತಿದ್ದರು. ಆದರೆ ಸಾಹೇಬರು ಯಾರೂ ಅದನ್ನು ಹಿಡಿದದ್ದು ನಾನು ಕಂಡಿಲ್ಲ.

ಅಕ್ಷತಾಳನ್ನು ಸುರಕ್ಷತೆಯ ಪಾಠಕ್ಕೆಂದು ಅರ್ಧ ದಿನ ಕರೆದುಕೊಂಡು ಹೋದರು. ಕಿತ್ತ ತಂತಿ ಅಂಟಿಸುವುದು ನನ್ನ ಪಾಲಿಗೆ ಬಂತು. ಝೆರಾರ್‌ನ ಬೆಳ್ಳಿ ಪೇಸ್ಟ್ ಒಣಗಿ ಕಲ್ಲಾಗಿತ್ತು. ಕೇಳಿದ್ದರೆ ಬೇರೆ ಕಡೆಯಿಂದ ತರಿಸುತ್ತಿದ್ದರು. ಆದರೆ ಮುಂಬಯಿಯಿಂದ ಟರ್ನರನನ್ನು ಕರೆಸಿದರೆ ಒಂದು ಬಾಟಲಿಯನ್ನೂ ತರದೆ ಬಂದಿದ್ದಾನೆ ಅಂದುಕೊಂಡಾರೆಂದು ನನಗೆ ಬಿಂಕ. ಸೋಲ್ಡರ್ ಇದೆಯೇ ಎಂದು ಸನ್ನೆ ಮಾಡಿದೆ. ಅವನು ಹೊಳೆಯುವ ತಂತಿಯ ಸುರುಳಿ ಕೊಟ್ಟ. ನಮ್ಮ ಗೋಡೆಯ ಚೀಟಿ ನೆನಪಾಗಿ “ಲೆಡ್?” ಎಂದೆ. “ಸಾಂ ಪ್ಲೋಂ!” ಎಂದು ತಲೆಯಾಡಿಸಿದ. ಸೀಸ ಇಲ್ಲ. ಆ ದೇಶದಲ್ಲಿ ಸೀಸದ ಸೋಲ್ಡರ್ ಬಳಸುವುದನ್ನೇ ಬಿಟ್ಟಿದ್ದಾರಂತೆ. ನನಗೆ ನಿರಾಳವಾಯಿತು. ಸೂಜಿಮೊನೆಯಷ್ಟು ಸೋಲ್ಡರ್ ಮುಟ್ಟಿಸಿದೆ, ತಂತಿ ಕೂತಿತು. ಅಕ್ಷತಾ ಬಂದು, “ಚಾಚಾ, ಲೆಡ್ ಇಲ್ಲ ಅಲ್ವಾ?” ಎಂದಾಗ “ಚಿಂತಿ ಬಿಡು ಬೇಟಾ, ಹೆಸರಿಗೂ ಇಲ್ಲ,” ಎಂದೆ. ತಡೆಯ ಅಂಕಿ ಮುಂಬಯಿಯಲ್ಲಿ ಇದ್ದದ್ದಕ್ಕಿಂತ ತುಸು ಕಡಿಮೆ ತೋರಿಸಿತು. ತಂತಿ ಜಾಗ ಬದಲಿಸಿದ್ದಕ್ಕೆ ಇರಬೇಕೆಂದು ಇಬ್ಬರೂ ಸುಮ್ಮನಾದೆವು. ಸೆಲ್ ಮುಚ್ಚಿ, ಪ್ರೆಸ್ಸಿನಲ್ಲಿ ಒತ್ತಡ ಹಾಕಿ, ನಟ್ ಬಿಗಿದು, ಯಂತ್ರಕ್ಕೆ ಇಳಿಸಿದೆವು.

ಬುಧವಾರ

ಮಧ್ಯಾಹ್ನ ಊಟದ ಹೊತ್ತಿಗೆ ಕಂಪ್ಯೂಟರಿನಲ್ಲಿ ತಡೆ ತೋರಿಸುವ ಗೆರೆ ದಬಕ್ಕನೆ ಕೆಳಗೆ ಬಿದ್ದು ಸೊನ್ನೆ ಮುಟ್ಟಿತು. ಅಕ್ಷತಾ ಕುರ್ಚಿಯಿಂದ ಎದ್ದವಳು ಕೂರಲೇ ಇಲ್ಲ. ಕ್ಲೇರ್ ಅವಳ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿದರು, ನನ್ನ ಕಡೆಗೂ ಬಂದಾಗ ನಾನು ಸಲಾಂ ಮಾಡಿ ಪಾರಾದೆ. ಮುಂಬಯಿಗೆ ಫೋನ್ ಹೋಯಿತು. ದೊಡ್ಡ ಸಮ್ಮೇಳನವೊಂದಕ್ಕೆ ಸಾರಾಂಶ ಕಳಿಸಲು ಅಂದೇ ಸಂಜೆ ಐದು ಗಂಟೆಯ ಗಡುವು. ಇದನ್ನೇ ಬರೆದು ಕಳಿಸು ಎಂದರು ಪ್ರೊಫೆಸರ್. ಮ್ಯಾಗ್ನೆಟ್ ಹಾಕಿ ಪರೀಕ್ಷಿಸುವುದು ಮರುದಿನ ಬೆಳಿಗ್ಗೆ ಎಂದಾಯಿತು. ವಿಲೆ ಪಾರ್ಲೆಯಲ್ಲಿ ಅವಳ ಅಮ್ಮ ಪಾಯಸಕ್ಕೆ ಇಟ್ಟರಂತೆ.

ನಾನು ಖುಷಿಯಲ್ಲಿ ಕಡಕ್ ರೊಟ್ಟಿ, ಚಟ್ನಿಪುಡಿ ತೆಗೆದುಕೊಂಡು ಝೆರಾರ್ ಹತ್ತಿರ ಹೋದೆ. ಅವನು ರೊಟ್ಟಿ ಮುರಿದು ಚೀಸ್ ಹಚ್ಚಿ ತಿನ್ನುತ್ತ ಹೆಬ್ಬೆರಳು ಎತ್ತಿದ. ಮೇಜಿನ ಮೇಲೆ ಅದೇ ಸೋಲ್ಡರ್ ಸುರುಳಿ ಬಿದ್ದಿತ್ತು. ಸುಮ್ಮನೆ ಕೈಗೆತ್ತಿಕೊಂಡು ಚೀಟಿ ನೋಡಿದೆ. ಎಸ್ ಎನ್ ಎಂದು ದಪ್ಪ ಅಕ್ಷರ, ಪಕ್ಕದಲ್ಲಿ ತೊಂಬತ್ತೊಂಬತ್ತು. ನಮ್ಮ ಸ್ಟೋರಿನ ಡಬ್ಬಿಗಳ ಮೇಲೂ ಈ ಎರಡಕ್ಷರ ಇವೆ. ತವರ.

ಕೈಯಲ್ಲಿದ್ದ ರೊಟ್ಟಿಯನ್ನು ಮೇಜಿನ ಮೇಲೆ ಇಟ್ಟೆ. ಹಳೆಯ ಪ್ರೊಫೆಸರೊಬ್ಬರು ಎಂದೋ ಹೇಳಿದ್ದರು, ಸೀಸ, ತವರ, ಇಂಡಿಯಂ, ಮೂರೂ ಒಂದೇ ಗ್ಯಾಂಗ್ ಖಾಸೀಂ ಎಂದು. ನಮ್ಮಲ್ಲಿ ಸೋಲ್ಡರ್ ಎಂದರೆ ಸೀಸ ಇದ್ದದ್ದೇ, ಹಾಗಾಗಿ ಚೀಟಿಯಲ್ಲಿ ಸೀಸ ಒಂದನ್ನೇ ಬರೆದಿದ್ದೆ. ವಿಜಯಪುರದಲ್ಲಿ ನಮ್ಮ ಮಾಮು ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಕಾದ ಹಂಡೆಗೆ ಒಂದು ಚಿಟಿಕೆ ತವರ ಮುಟ್ಟಿಸಿದರೆ ಸಾಕು, ಕಣ್ಣು ಮಿಟುಕಿಸುವುದರಲ್ಲಿ ಹರಡಿ ಹಂಡೆಯೆಲ್ಲ ಬೆಳ್ಳಗಾಗುತ್ತಿತ್ತು. ನನ್ನ ಸೂಜಿಮೊನೆಯಷ್ಟು ತವರವೂ ಹರಳಿನ ಮೇಲೆ ಹಾಗೇ ಹರಡಿ ಪಕ್ಕದ ತಂತಿಯನ್ನು ಮುಟ್ಟಿರಬೇಕು. ಅಂಕಿ ಕಡಿಮೆ ಬಂದದ್ದು ಅದಕ್ಕೇ. ಸೊನ್ನೆ ಮುಟ್ಟಿದ್ದು ಹರಳಲ್ಲ, ನನ್ನ ಕಲಾಯಿ.

ಗಡಿಯಾರ ನೋಡಿದೆ, ನಾಲ್ಕು. ಅವಳಿಗೆ ಹೇಳದೆ ಇರುವ ಆಸೆ ನನಗೆ ಬರಲಿಲ್ಲವೆಂದರೆ ಸುಳ್ಳಾದೀತು. ನನ್ನದೇ ತಪ್ಪು ಇರಲಿಕ್ಕಿಲ್ಲ, ನಾಳೆ ನೋಡಿಕೊಂಡರಾಯಿತು, ಇಂಥವೆಲ್ಲ ತಲೆಗೆ ಬಂದವು. ನನಗೆ ಬಹಳ ನಾಚಿಕೆಯಾಗಿತ್ತು. ಮೆಟ್ಟಿಲು ಹತ್ತಿ ಹೋದೆ.

“ಬೇಟಾ, ಕಳಿಸಿದೇನು?”

“ಲಾಸ್ಟ್ ಲೈನ್ ಚಾಚಾ. ಯಾಕೆ?”

“ಕಳಸಬ್ಯಾಡ. ಸೋಮವಾರ ನಾ ತವರದ ಬೆಸುಗಿ ಹಾಕೇನಿ. ಸೀಸ ಇಲ್ಲಂತ ಅಷ್ಟ ನೋಡಿದೆ, ತವರ ಐತಿ ಅಂತ ನೋಡಲಿಲ್ಲ. ಈಗ ಬಿದ್ದಿದ್ದು ನಿನ್ನ ಹರಳು ಅಲ್ಲ ಬೇಟಾ, ನನ್ನ ಬೆಸುಗಿ.”

ಅವಳು ಕೀಲಿಮಣೆಯಿಂದ ಕೈ ತೆಗೆದಳು. ಆಮೇಲೆ ಕ್ಲೇರ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಕ್ಲೇರ್ ಮ್ಯಾಗ್ನೆಟ್ಟಿನ ಗುಂಡಿಯನ್ನು ಒಂದೇ ಒಂದು ಕೂದಲೆಳೆಯಷ್ಟು ತಿರುಗಿಸಿದರು. ತವರವಾದರೆ ಅಷ್ಟು ಮ್ಯಾಗ್ನೆಟ್ಟಿಗೇ ಸೋತು ತಡೆ ಮರಳಿ ಬರುತ್ತದೆ, ಅವಳ ಹರಳಾದರೆ ಅದರ ನೂರು ಪಟ್ಟಿಗೂ ಜಗ್ಗಬಾರದು. ಸೊನ್ನೆಯಲ್ಲಿ ಮಲಗಿದ್ದ ಗೆರೆ ಎದ್ದು ಮೇಲೆ ಹೋಯಿತು.

ಅಕ್ಷತಾ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಬರೆದದ್ದನ್ನೆಲ್ಲ ಅಳಿಸಿ, ಪ್ರೊಫೆಸರಿಗೆ ಫೋನ್ ಹಚ್ಚಿ, “ಸರ್, ನಮ್ದೊಂದು ಮಿಸ್ಟೇಕ್ ಆಗಿದೆ,” ಎಂದಳು. ನನ್ನ ಹೆಸರು ಎತ್ತಲಿಲ್ಲ. ಫೋನ್ ಇಟ್ಟ ಮೇಲೆ ಹೇಳಿದಳು: “ಒಂದು ಗಂಟೆ ಲೇಟ್ ಆಗಿದ್ರೆ ಎಲ್ಲ ಕಡೆ ಹೋಗ್ತಿತ್ತು ಚಾಚಾ. ಇನ್ನೂ ಎರಡೂವರೆ ದಿನ ಉಂಟು. ಚಲೋ.”

ಗುರುವಾರ

ವಿಷಯ ತಿಳಿದ ಝೆರಾರ್ ಹಣೆ ಬಡಿದುಕೊಂಡ. ಸುರುಳಿ ತನ್ನದು, ಆದ್ದರಿಂದ ಅರ್ಧ ತಪ್ಪು ತನ್ನದು ಎಂದು ಸನ್ನೆಯಲ್ಲೇ ವಾದ ಹೂಡಿದ. ಆಮೇಲೆ ಸೈಕಲ್ ಹತ್ತಿ ನದಿಯ ಆಚೆಯ ಇನ್ನೊಂದು ಪ್ರಯೋಗಾಲಯಕ್ಕೆ ಹೋಗಿ, ಜೇಬಿನಲ್ಲಿ ಬೆಳ್ಳಿ ಪೇಸ್ಟ್ ಬಾಟಲಿ ಇಟ್ಟುಕೊಂಡು ಬಂದ. ಸೋಮವಾರವೇ ಬಾಯಿ ಬಿಟ್ಟು ಕೇಳಿದ್ದರೆ ಆಗುತ್ತಿದ್ದ ಕೆಲಸ.

ತವರ ಮೆತ್ತಿದ ಹರಳನ್ನು ಕೆರೆಯಲು ಹೋದರೆ ಒಡೆಯುತ್ತಿತ್ತು. ಅಕ್ಷತಾಳ ಬಳಿ ಇನ್ನೊಂದು ಚೂರಿತ್ತು, ಮಾತ್ರೆಯ ಕ್ಯಾಪ್ಸೂಲಿನಲ್ಲಿ ಹತ್ತಿಯ ಮೇಲೆ; ಮೊದಲಿನದಕ್ಕಿಂತ ಚಿಕ್ಕದು, ಒಂದು ಮೂಲೆ ಮುಕ್ಕಾಗಿತ್ತು. ತಂತಿ ಅಂಟಿಸಲು ನಾನು ಸೂಕ್ಷ್ಮದರ್ಶಕದ ಮುಂದೆ ಕುಳಿತೆ, ಮತ್ತೆ ಎದ್ದೆ.

“ಈ ಸಲ ನೀ ಹಚ್ಚವಾ.”

“ನನ್ನ ಕೈ ನಡುಗ್ತದೆ ಚಾಚಾ.”

“ನನ್ನದೂ ನಡಗ್ತೈತಿ. ಉಸಿರು ಪೂರ್ತಿ ಹೊರಗ ಬಿಡು, ಮತ್ತ ಎಳಕೊಳ್ಳೂದರಾಗ ಹಚ್ಚಿಬಿಡು. ಅಷ್ಟ ಗುಟ್ಟು.”

ನಾಲ್ಕು ತಂತಿಗೆ ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ನಾನೂ ಝೆರಾರನೂ ಲೇತಿನ ಮುಂದೆ ನಿಂತಿದ್ದೆವು. ಸೆಲ್ಲಿನ ಸಂದು ಮುಚ್ಚುವ ತಾಮ್ರದ ಗ್ಯಾಸ್ಕೆಟ್ ಒಮ್ಮೆ ಹಿಸುಕಿದರೆ ಮುಗಿಯಿತು, ಹೊಸದು ಬೇಕಿತ್ತು. ಅವನ ಲೇತು ಕಂಪ್ಯೂಟರಿನದು, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಹಳೆಯದೂ ಒಂದಿತ್ತು. ನಾನು ಹಳೆಯದರ ಕಡೆ ನೋಡಿದ್ದನ್ನು ಕಂಡು ನಕ್ಕು ಜಾಗ ಬಿಟ್ಟ. ನಾನು ಕತ್ತರಿಸುತ್ತಿದ್ದೆ, ಅವನು ಮೈಕ್ರೋಮೀಟರ್ ಹಿಡಿದು ಅಳೆಯುತ್ತಿದ್ದ, ಬೆರಳಲ್ಲಿ ಇನ್ನಿಷ್ಟು ಎಂದು ತೋರಿಸುತ್ತಿದ್ದ. ಎರಡು ತಾಸು ಒಟ್ಟಿಗೆ ಕೆಲಸ ಮಾಡಿದ ನಮಗೆ ಭಾಷೆ ಇಲ್ಲವೆಂದು ನೆನಪಾದದ್ದು ಚಹಾ ಬೇಕೋ ಕಾಫಿಯೋ ಎಂದು ಅವನು ಕೇಳಿದಾಗ.

ಶನಿವಾರ

ಶುಕ್ರವಾರವೆಲ್ಲ ಯಂತ್ರ ತಣ್ಣಗಾಗುತ್ತಿತ್ತು. ಶನಿವಾರ ಬೆಳಿಗ್ಗೆ ನಾವು ನಾಲ್ವರೂ ಪರದೆಯ ಮುಂದೆ ಇದ್ದೆವು. ಝೆರಾರ್‌ಗೆ ಅಂದು ರಜೆ, ಆದರೂ ಬಂದಿದ್ದ. ಉಷ್ಣತೆ ಇಳಿದಂತೆ ತಡೆಯ ಗೆರೆ ಅಡಿಪಟ್ಟಿ ಇಟ್ಟು ಎಳೆದಷ್ಟು ನೇರವಾಗಿ ಇಳಿಯುತ್ತಿತ್ತು. ಮಾಮೂಲಿ ಲೋಹದಲ್ಲಿ ಇಷ್ಟು ತಣ್ಣಗಾದ ಮೇಲೆ ಅದು ಬಾಗಿ ಮಟ್ಟಸವಾಗಬೇಕು, ನೇರವಾಗಿ ಬಂತೆಂದರೆ ಎಲೆಕ್ಟ್ರಾನುಗಳಿಗೆ ಆ ಮ್ಯಾಗ್ನೆಟ್ಟುಗಳ ಡಿಕ್ಕಿ ಇನ್ನೂ ಜೋರಾಗಿದೆ, ಇದು ಒಳ್ಳೆಯ ಲಕ್ಷಣ ಎಂದು ಅಕ್ಷತಾ ಪಿಸುಗುಟ್ಟಿದಳು. ಬುಧವಾರ ಗೆರೆ ಬಿದ್ದ ಜಾಗ ಬಂತು. ಬೀಳಲಿಲ್ಲ. ತವರ ಇಲ್ಲವೆಂದು ನನಗೆ ಸಮಾಧಾನವೂ ಆಯಿತು, ಹರಳೂ ಬೀಳದಿದ್ದರೆ ಎಂದು ಭಯವೂ ಆಯಿತು.

ಕೆಲ್ವಿನ್ ಲೆಕ್ಕದಲ್ಲಿ ಎರಡು ಡಿಗ್ರಿಗಿಂತ ಕೆಳಗೆ ಹೋದಮೇಲೆ, ನಾವು ಹನ್ನೆರಡು ಗಂಟೆಯ ಕಡೆ ನೋಡಲು ಶುರುಮಾಡಿದ್ದಾಗ, ಗೆರೆ ಬಾಗಿತು. ಮೆಲ್ಲಗೆ ಬಾಗಿ, ಆಮೇಲೆ ಜಾರಿತು. ಯಾರೂ ಏಳಲಿಲ್ಲ, ಯಾರೂ ಕೆನ್ನೆ ತಾಗಿಸಲಿಲ್ಲ. ಅಕ್ಷತಾ, “ಫೀಲ್ಡ್,” ಎಂದಳು ಅಷ್ಟೇ. ಕ್ಲೇರ್ ಮ್ಯಾಗ್ನೆಟ್ ಏರಿಸಿದರು. ತವರವನ್ನು ಸೋಲಿಸಿದ ಅಳತೆ ದಾಟಿತು. ಅದರ ಹತ್ತು ಪಟ್ಟು, ಐವತ್ತು ಪಟ್ಟು, ನೂರು ಪಟ್ಟು. ಗೆರೆ ತುಸು ಅಲುಗಿತು, ಏಳಲಿಲ್ಲ. ಕೆಳಗೇ ಇತ್ತು.

ಆಗ ಅತ್ತಳು ಹುಡುಗಿ. ನಾನೂ ಅತ್ತೆ, ಬಚ್ಚಿಡುವುದೇನಿದೆ.

ಗೆರೆ ಪೂರ್ತಿ ಸೊನ್ನೆ ಮುಟ್ಟಿರಲಿಲ್ಲ. ಇನ್ನಷ್ಟು ಒತ್ತಡ ಬೇಕು, ಈ ಸೆಲ್ ಅಷ್ಟು ತಾಳುವುದಿಲ್ಲ, ದಪ್ಪ ಗೋಡೆಯ ಹೊಸದು ಮಾಡಿಕೊಂಡು ಎರಡು ತಿಂಗಳಲ್ಲಿ ಬನ್ನಿ, ಒಂದು ವಾರ ನಿಮಗಾಗಿ ಎತ್ತಿಡುತ್ತೇನೆ ಎಂದರು ಕ್ಲೇರ್. ಹನ್ನೆರಡಕ್ಕೆ ಯಂತ್ರ ಬೇರೆಯವರಿಗೆ ಹೋಯಿತು. ಬಾಗಿಲಲ್ಲಿ ಝೆರಾರ್ ಉಳಿದ ಚಟ್ನಿಪುಡಿಯ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದ.

ಮತ್ತೆ ವರ್ಕ್‌ಶಾಪ್

ಮುಂಬಯಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಗೋಡೆಯ ಚೀಟಿ ತಿದ್ದಿದ್ದು. ಸೀಸದ ಕೆಳಗೆ ತವರ, ಅದರ ಕೆಳಗೆ ಇಂಡಿಯಂ. ಜೊತೆಯವರು ಏನಾಯಿತೆಂದು ಕೇಳಿದರು, ಪ್ಯಾಂಟು ಜಾರಿದ್ದರಿಂದ ಹಿಡಿದು ಎಲ್ಲ ಹೇಳಿದೆ. ಮೂರು ದಿನ ನಕ್ಕರು.

ಹೊಸ ಸೆಲ್ಲಿನ ತಾಮ್ರ ಲೇತಿಗೆ ಏರಿಸಿದ ದಿನ ಅಕ್ಷತಾ ಡ್ರಾಯಿಂಗ್ ತಂದಳು. ನಾನು ರೂಢಿಯಂತೆ ಕಿಟಕಿಯ ಕಡೆ ನಡೆದೆ. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಅವಳು ಬಾಗಿಲಿನಿಂದ ಒಳಗೆ ಬಂದಿದ್ದಳು. ಹಳೆಯ ಸೆಲ್ಲನ್ನು ಅವಳೇ ಬಿಚ್ಚಿ ತೊಳೆಯುತ್ತಿದ್ದಳಂತೆ, ಎರಡೂ ಕೈ ಗ್ರೀಸಿನಲ್ಲಿ ಕಪ್ಪಾಗಿದ್ದವು, ಡ್ರಾಯಿಂಗ್ ಕಂಕುಳಲ್ಲಿತ್ತು. ಎಣ್ಣೆಯ ನೆಲದ ಮೇಲೆ ಚಪ್ಪಲಿ ಜಾರದಂತೆ ನೋಡಿಕೊಳ್ಳುತ್ತ ಮೊದಲ ಲೇತಿನ ಪಾಟೀಲನ ಮುಂದೆ ನಿಂತು, “ಗುಡ್ ಮಾರ್ನಿಂಗ್” ಎಂದು ಬೆರಳು ಮಡಚಿ ಮಣಿಕಟ್ಟು ಮುಂದೆ ಮಾಡಿದಳು. ಇದನ್ನೇನು ಮಾಡಬೇಕೆಂದು ಪಾಟೀಲ ನನ್ನ ಮುಖ ನೋಡಿದ.

“ಹಿಡಿಯೋ ಮಾರಾಯಾ,” ಎಂದೆ.

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಡಿದ. ಅವಳು ಹಾಗೇ ಒಬ್ಬೊಬ್ಬರನ್ನೇ ಮಾತಾಡಿಸುತ್ತ ಏಳೂ ಲೇತು ದಾಟಿ ನನ್ನವರೆಗೆ ಬರಲು ಬಹಳ ಹೊತ್ತು ಹಿಡಿಯಿತು. ನಾನು ಲೇತ್ ಬಂದ್ ಮಾಡಿ, ಮಣಿಕಟ್ಟು ಮುಂದೆ ಹಿಡಿದು, ಕಾಯುತ್ತ ನಿಂತೆ.